ಮಜ್ಜಿಗೆ, ಅಂಬಲಿ, ಕಷಾಯ: ಎಷ್ಟು ನಂಬಬಹುದು?

ಬೇಸಿಗೆಗೆ ನೀರುಮಜ್ಜಿಗೆ, ಬೆಳಿಗ್ಗೆ ರಾಗಿ ಅಂಬಲಿ, ನೆಗಡಿಯಾದರೆ ಶುಂಠಿ-ಮೆಣಸಿನ ಕಷಾಯ. ನಮ್ಮ ಅಡುಗೆಮನೆಯ ಈ ಪಾನೀಯಗಳಿಗೆ ಈಗ ರೋಗ ತಡೆಯುವ, ದೇಹದ ವಿಷ ಹೊರಹಾಕುವ ಶಕ್ತಿಯನ್ನೂ ಆರೋಪಿಸಲಾಗುತ್ತಿದೆ. ನಿಜಕ್ಕೂ ಇವುಗಳಿಂದ ಏನು ಸಿಗುತ್ತದೆ?

ಬೆವರಿನಲ್ಲಿ ದೇಹ ನೀರನ್ನೂ ಉಪ್ಪನ್ನೂ ಕಳೆದುಕೊಳ್ಳುತ್ತದೆ. ಉಪ್ಪು ಹಾಕಿದ ಮಜ್ಜಿಗೆ ಎರಡನ್ನೂ ತುಂಬಿಕೊಡುತ್ತದೆ. ಹೆಪ್ಪಿನ ಬ್ಯಾಕ್ಟೀರಿಯಾಗಳು ಲ್ಯಾಕ್ಟೋಸನ್ನು ಒಂದಷ್ಟು ಒಡೆದಿರುವುದರಿಂದ ಹಾಲು ಒಗ್ಗದ ಹಲವರಿಗೂ ಮಜ್ಜಿಗೆ ಒಗ್ಗುತ್ತದೆ. ಅಧಿಕ ರಕ್ತದೊತ್ತಡ ಇರುವವರು ಮಾತ್ರ ಉಪ್ಪು ಮಿತಗೊಳಿಸಬೇಕು. ಭೇದಿ ಜೋರಾದಾಗ ಮಜ್ಜಿಗೆಯೊಂದೇ ಸಾಲದು, ಓಆರ್‌ಎಸ್ ಬೇಕು. ಅದರಲ್ಲಿ ಸಕ್ಕರೆ, ಉಪ್ಪು ಹದವಾಗಿ ಬೆರೆತಿರುತ್ತವೆ. ಸಣ್ಣ ಕರುಳಿನಲ್ಲಿ ಗ್ಲೂಕೋಸ್ ಮತ್ತು ಸೋಡಿಯಂ ಜೊತೆಯಾಗಿ ಒಳಸೇರುತ್ತವೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಅದರ ಪೊಟ್ಟಣ ಸಿಗದಿದ್ದರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ ಕದಡಿ. ಚಮಚ ಗೋಪುರವಾಗದೆ ಮಟ್ಟಸವಾಗಿರಲಿ.

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಒಂದು ಲೋಟ ಅಂಬಲಿಗೆ 20 ಗ್ರಾಂ ಹಿಟ್ಟು ಹಾಕಿದರೆ ಸಿಗುವುದು 70 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ ಬೇಕಾದದ್ದು 1,000. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಖನಿಜಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಮೊಳಕೆ ಕಟ್ಟಿದರೆ, ಹುಳಿ ಬರಿಸಿದರೆ ಅದು ತಗ್ಗುತ್ತದೆ. ಅಂಬಲಿ ಒಳ್ಳೆಯ ಆಹಾರವೇ, ಆದರೆ ಮೂಳೆಗೆ ಅದೊಂದೇ ಆಧಾರವಾಗದು.

ಬಿಸಿ ಕಷಾಯ ಗಂಟಲಿಗೆ ಹಿತ. ಆದರೆ ಸಾಮಾನ್ಯ ನೆಗಡಿ ಏನೂ ಕುಡಿಯದಿದ್ದರೂ ವಾರದಲ್ಲಿ ಇಳಿಯುತ್ತದೆ, ಹೀಗಾಗಿ ಗುಣವಾದದ್ದೆಲ್ಲ ಕಷಾಯದಿಂದ ಎನ್ನಲಾಗದು. ಗಿಡಮೂಲಿಕೆ ಎಂದಮಾತ್ರಕ್ಕೆ ಅಪಾಯವಿಲ್ಲವೆಂದೂ ಅಲ್ಲ. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿದ ಕೆಲವರಲ್ಲಿ ಯಕೃತ್ತಿಗೆ ಹಾನಿಯಾದದ್ದನ್ನು ಮುಂಬೈಯ ವೈದ್ಯರು 2021ರಲ್ಲಿ ವರದಿ ಮಾಡಿದರು.

ಸೋರೆಕಾಯಿ ರಸ ಕುಡಿಯುವವರು ಇನ್ನೂ ಎಚ್ಚರದಿಂದಿರಬೇಕು. ಕಹಿ ಸೋರೆಯಲ್ಲಿರುವ ಕುಕುರ್ಬಿಟಾಸಿನ್ ಎಂಬ ವಿಷ ರಕ್ತವಾಂತಿ ತರಿಸಬಲ್ಲದು, ರಕ್ತದೊತ್ತಡ ಕುಸಿಯುವಂತೆ ಮಾಡಬಲ್ಲದು, ಸಾವುಗಳೂ ಸಂಭವಿಸಿವೆ. ಮೊದಲು ಚೂರು ರುಚಿ ನೋಡಿ, ಕಹಿಯಿದ್ದರೆ ಉಗುಳಿ, ಕಾಯಿಯನ್ನೇ ಎಸೆಯಿರಿ. ಹಣ್ಣಿನ ರಸ ಸೋಸಿದಾಗ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ಪಾನೀಯಕ್ಕೆ ಹಾಕುವ ಬೆಲ್ಲವೂ ಮಧುಮೇಹಿಗಳಿಗೆ ಸಕ್ಕರೆಯೇ. ಇನ್ನು ವಿಷ ಹೊರಹಾಕುವ ಕೆಲಸಕ್ಕೆ ಯಕೃತ್ತು, ಮೂತ್ರಪಿಂಡಗಳಿವೆ. ಅದಕ್ಕೆಂದು ಬೇರೆ ಪಾನೀಯ ಬೇಡ.

ಈ ಪಾನೀಯಗಳನ್ನು ಆಹಾರವೆಂದು ಸಂತೋಷದಿಂದ ಕುಡಿಯಿರಿ. ಇವನ್ನು ನಂಬಿ ವೈದ್ಯರು ಕೊಟ್ಟ ಮಾತ್ರೆ ನಿಲ್ಲಿಸಬೇಡಿ. ಎರಡು ವಾರ ದಾಟಿದ ಕೆಮ್ಮಿಗೆ ಕಷಾಯ ಕಾಯಿಸುತ್ತ ಕೂರದೆ ಆಸ್ಪತ್ರೆಯಲ್ಲಿ ಕಫ ಪರೀಕ್ಷೆ ಮಾಡಿಸಿ.