ಮಾಳಿಗೆಗೆ ಮಣ್ಣು

ಮನೆಯನ್ನು ಕಟ್ಟುವವನು ಮನುಷ್ಯ. ಅದನ್ನು ಪರೀಕ್ಷಿಸುವುದು ಮಳೆ. ಮಳೆಯಿಲ್ಲದ ಏಳೆಂಟು ತಿಂಗಳು ಯಾವ ಮನೆಯೂ ಚೆಂದವೇ, ಯಾವ ಗೋಡೆಯೂ ಭದ್ರವೇ. ರೋಹಿಣಿ ಕಳೆದು ಮೃಗಶಿರೆಯ ಮೊದಲ ಗುಡುಗು ಕಿವಿಗೆ ಬಿದ್ದಾಗ ಮಾತ್ರ ಗೃಹಸ್ಥನು ತಲೆಯೆತ್ತಿ ತನ್ನ ಮಾಳಿಗೆಯ ಕಡೆಗೆ ನೋಡುತ್ತಾನೆ. ಮಲೆನಾಡಿನ ವಾಚಕರಿಗೆ ಈ ಮಾತು ವಿಚಿತ್ರವಾಗಿ ತೋರಬಹುದು. ಅಲ್ಲಿ ಮಳೆಯು ಮನೆಯ ನಿತ್ಯದ ನೆಂಟ. ಇಳಿಜಾರಾದ ಹೆಂಚಿನ ಮಾಡು ಅದಕ್ಕೆ ಮೊದಲೇ ದಾರಿ ಬಿಟ್ಟುಕೊಟ್ಟಿರುತ್ತದೆ. ನಮ್ಮ ಜಮಖಂಡಿ ಸೀಮೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 500ರಿಂದ 600 ಮಿಲಿಮೀಟರು. ಇಲ್ಲಿ ಮಳೆಗಿಂತ ಬಿಸಿಲೇ ದೊಡ್ಡ ವೈರಿ. ಆದುದರಿಂದ ನಮ್ಮ ಹಿರಿಯರು ಮಣ್ಣಿನಿಂದಲೇ ದಪ್ಪನಾದ, ಸಮತಟ್ಟಾದ ಮಾಳಿಗೆಯನ್ನು ಹಾಕಿ ಅದರ ತಂಪಿನಲ್ಲಿ ಬದುಕಿದರು. ಆ ತಂಪಿಗಾಗಿ ಅವರು ತೆತ್ತ ಬೆಲೆಯೆಂದರೆ ವರ್ಷಕ್ಕೊಮ್ಮೆ ಮಾಳಿಗೆಯನ್ನು ಹತ್ತಿ ನೋಡುವ ಶ್ರಮ.

ನನ್ನ ಊರು ಸಾವಳಗಿ. ನಮ್ಮ ಮನೆಯೂ ಅಂಥದೇ ಒಂದು ಮಣ್ಣಿನ ಮನೆ. ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಸಣ್ಣ ಕಟ್ಟಿಗೆಗಳ ಹಾಸು, ಅದರ ಮೇಲೆ ಸೊಪ್ಪುಸದೆ, ಅದರ ಮೇಲೆ ತುಳಿದು ಬಡಿದ ಮಣ್ಣು, ಎಲ್ಲಕ್ಕೂ ಮೇಲೆ ಒಂದು ಪದರ ಸವಳು ಮಣ್ಣು. ಪಡಸಾಲೆಯ ನಡುವೆ ಬೆಳಕಿಂಡಿ. ಬೀದಿಯ ಕಡೆಗೆ ನೀರು ದೂರ ಬೀಳುವಂತೆ ಗೋಡೆಯಿಂದ ಹೊರಚಾಚಿದ ಕಲ್ಲಿನ ದೋಣಿ.

ಸವಳು ಮಣ್ಣಿನ ಮಹಿಮೆಯನ್ನು ಇಲ್ಲಿ ಎರಡು ಮಾತಿನಲ್ಲಿ ಹೇಳಬೇಕು. ಹೊಲದಲ್ಲಿ ಸವಳು ಕಾಣಿಸಿಕೊಂಡರೆ ರೈತನ ಎದೆ ಒಡೆಯುತ್ತದೆ. ಅದರಲ್ಲಿರುವ ಸೋಡಿಯಂ ಅಂಶದಿಂದಾಗಿ ಜೇಡಿಯ ಕಣಗಳು ನೀರು ತಾಗಿದೊಡನೆ ಬಿಡಿಬಿಡಿಯಾಗಿ ಹರಡಿ, ಮಣ್ಣಿನ ಸೂಕ್ಷ್ಮ ರಂಧ್ರಗಳನ್ನೆಲ್ಲ ಮುಚ್ಚಿಬಿಡುತ್ತವೆ. ನೀರು ಕೆಳಗಿಳಿಯದು, ಬೇರಿಗೆ ಉಸಿರಾಡಲು ಗಾಳಿ ದೊರೆಯದು, ಪೈರು ಸಾಯುತ್ತದೆ. ಆದರೆ ಅದೇ ಮಣ್ಣನ್ನು ಮಾಳಿಗೆಯ ಮೇಲೆ ಹರಡಿದಾಗ ಅದೇ ದೋಷವು ಗುಣವಾಗುತ್ತದೆ. ಮೊದಲ ಮಳೆಯ ನೀರಿಗೆ ಅದರ ಮೇಲ್ಪದರ ಮುಚ್ಚಿಕೊಳ್ಳುತ್ತದೆ. ಮುಂದಿನ ನೀರು ಒಳಗಿಳಿಯದೆ ದೋಣಿಯ ಕಡೆಗೆ ಹರಿಯುತ್ತದೆ. ಬೆಳೆಯನ್ನು ಕೊಲ್ಲುವ ಮಣ್ಣನ್ನೇ ಮನೆ ಕಾಯಲು ನಿಲ್ಲಿಸಿದ ಆ ಹೆಸರಿಲ್ಲದ ಹಿರಿಯನು ಯಾವ ವಿದ್ಯಾಲಯದಲ್ಲಿಯೂ ಓದಿದವನಲ್ಲ.

ನನ್ನ ತಂದೆ ಪ್ರತಿವರ್ಷ ರೋಹಿಣಿಯಲ್ಲಿ ಒಂದು ಚಕ್ಕಡಿ ಸವಳು ಮಣ್ಣು ತರಿಸುತ್ತಿದ್ದರು. ಆದರೆ ಅದನ್ನು ತಂದೊಡನೆ ಸುರಿಯುತ್ತಿರಲಿಲ್ಲ. ಮೊದಲು ಮಾಳಿಗೆಯ ಮೇಲೆ ಬೆಳೆದ ಹುಲ್ಲನ್ನು ಬೇರುಸಹಿತ ಕೀಳಿಸುವರು. ಇರುವೆ, ಇಲಿಗಳು ಕೊರೆದ ತೂತುಗಳನ್ನು ಹುಡುಕಿ ಗಚ್ಚಾಗಿ ತುಂಬಿಸುವರು. ಬಳಿಕ ಹಳೆಯ ಮಣ್ಣನ್ನು ಒಂದಿಷ್ಟು ಕೆರೆದು ತೆಗೆಯಿಸುವರು. “ಹಾಕಿದಷ್ಟ ತಗೀಬೇಕು, ಇಲ್ಲಾಂದ್ರ ಜಂತಿ ಹೊರೂದಿಲ್ಲ” ಎಂಬುದು ಅವರ ಮಾತು. ಆಮೇಲೆಯೇ ಹೊಸ ಮಣ್ಣು, ದಿಮ್ಮಸು. ಬೆಳಕಿಂಡಿಯ ಸುತ್ತಲಿನ ಅಂಚನ್ನು ಗೇಣೆತ್ತರ ಏರಿಸುವುದನ್ನು ಅವರೆಂದೂ ಮರೆಯಲಿಲ್ಲ. ಕೊನೆಗೆ ದೂರದ ಮೂಲೆಯಲ್ಲಿ ಒಂದು ಕೊಡ ನೀರು ಸುರಿದು, ಅದು ಎಲ್ಲಿಯೂ ನಿಲ್ಲದೆ ದೋಣಿಯವರೆಗೆ ಹೋಗುವುದನ್ನು ಕಣ್ಣಾರೆ ಕಂಡ ಮೇಲೆಯೇ ಕೆಳಗಿಳಿಯುವರು.

ಅವರ ಆ ಒಂದು ಮಾತಿನ ಬೆಲೆ ಎಷ್ಟೆಂಬುದನ್ನು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನಮ್ಮ ನೆರೆಯ ಮಹಾರಾಷ್ಟ್ರದ ಕಿಲ್ಲಾರಿ ಭಾಗ ಕಂಡಿತು. ಭೂಕಂಪದಲ್ಲಿ ಸತ್ತ ಸಾವಿರಾರು ಜನರಲ್ಲಿ ಬಹಳ ಮಂದಿ ದಪ್ಪ ಕಲ್ಲುಗೋಡೆಗಳ ಮತ್ತು ಮಾಳಿಗೆಯ ಭಾರವಾದ ಮಣ್ಣಿನ ಕೆಳಗೆ ಸಿಕ್ಕವರು. ಸೋರಿಕೆಯನ್ನು ತಡೆಯಲೆಂದು ವರ್ಷವರ್ಷವೂ ಹೇರುತ್ತ ಬಂದ ಮಣ್ಣು ಒಂದು ದಿನ ಮನೆಯ ಮೇಲಿನ ಗುಡ್ಡವಾಗುತ್ತದೆ.

ಇನ್ನು ನನ್ನ ಕಥೆ. ನಾನು ಕಾಲೇಜಿನಲ್ಲಿ ಕನ್ನಡ ಕಲಿಸುವವನು. ಶಿಶುನಾಳ ಶರೀಫರು (1819–1889) ಸೋರುವ ಮಾಳಿಗೆಯನ್ನು ಕುರಿತು ಹಾಡಿದ ತತ್ತ್ವಪದವನ್ನು ಹದಿನೈದು ವರ್ಷಗಳಿಂದ ಪಾಠ ಹೇಳುತ್ತಿದ್ದೇನೆ. ಮಾಳಿಗೆಯೆಂದರೆ ದೇಹ, ಸೋರಿಕೆಯೆಂದರೆ ಅಜ್ಞಾನ, ಜಂತಿಯೆಂದರೆ ಇಂಥದು, ಹುಲ್ಲೆಂದರೆ ಇಂಥದು ಎಂದು ಕರಿಹಲಗೆಯ ಮೇಲೆ ಬರೆದು ವಿದ್ಯಾರ್ಥಿಗಳಿಂದ ಟಿಪ್ಪಣಿ ಮಾಡಿಸಿದ್ದೇನೆ. ಕಾಂಕ್ರೀಟಿನ ಕೆಳಗೆ ಹುಟ್ಟಿ ಬೆಳೆದ ಆ ಮಕ್ಕಳಿಗೆ ಅದು ಸಾಕಾಗುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಸಾಕಾಗಿತ್ತು.

ತಂದೆಯವರು ತೀರಿಕೊಂಡ ಮೇಲೆ ಮನೆಯಲ್ಲಿ ಉಳಿದವಳು ಅವ್ವ ಒಬ್ಬಳೇ. ನನ್ನ ಸಂಸಾರ ನೌಕರಿಯ ಊರಿನಲ್ಲಿ. ವರ್ಷವರ್ಷವೂ ಮಣ್ಣು ತರಿಸುವ ತಾಪತ್ರಯವೇಕೆಂದು ಪರಿಚಿತರೊಬ್ಬರ ಸಲಹೆಯಂತೆ ಮಾಳಿಗೆಯ ಮಣ್ಣಿನ ಮೇಲೆಯೇ ಒಂದು ಅಂಗುಲ ಸಿಮೆಂಟಿನ ಗಿಲಾವು ಮಾಡಿಸಿದೆ. ನೋಡಲು ನುಣ್ಣಗೆ, ಚೊಕ್ಕಟವಾಗಿತ್ತು. ಎರಡು ಮಳೆಗಾಲ ಒಂದು ಹನಿಯೂ ಬೀಳಲಿಲ್ಲ. ನನ್ನ ಜಾಣತನಕ್ಕೆ ನಾನೇ ಮೆಚ್ಚಿಕೊಂಡೆ.

ಮೂರನೆಯ ವರ್ಷ ಉತ್ತರೆಯ ಮಳೆ ಮೂರು ದಿನ ಹಿಡಿದು ಹೊಡೆಯಿತು. ಅವ್ವನ ಫೋನು ಬಂದಿತು. “ತಮ್ಮಾ, ಪಡಸಾಲಿ ಮೂಲ್ಯಾಗ ಒಂದ ಹನಿ ಬೀಳಾಕತ್ತೈತಿ. ಬೋಗೋಣಿ ಇಟ್ಟೀನಿ. ನೀ ಗಾಬರಿ ಆಗಬ್ಯಾಡ.” ನನ್ನ ಮುಂದೆ ಪರೀಕ್ಷೆಯ ಉತ್ತರಪತ್ರಿಕೆಗಳ ಕಟ್ಟು ಇತ್ತು. ರವಿವಾರ ಬರುತ್ತೇನೆಂದು ಹೇಳಿದೆ. ಬೋಗೋಣಿಯಲ್ಲಿ ಹನಿ ಬೀಳುವ ಸಪ್ಪಳಕ್ಕೆ ನಿದ್ದೆ ಹತ್ತದೆ ಅವ್ವ ತನ್ನ ಹಾಸಿಗೆಯನ್ನು ಅಡಿಗೆಮನೆಗೆ ಒಯ್ದುಕೊಂಡಳಂತೆ. ಅದೇ ರಾತ್ರಿ ಎರಡು ಜಂತಿಗಳು ಮುರಿದು, ಹಾಸಿಗೆಯಿದ್ದ ಜಾಗದ ಮೇಲೆ ಅರ್ಧ ಚಕ್ಕಡಿಯಷ್ಟು ಹಸಿ ಮಣ್ಣು, ಸಿಮೆಂಟಿನ ಹೆಕ್ಕಳೆಸಹಿತ ಕುಸಿದು ಬಿತ್ತು.

ಮರುದಿನ ನಾನು ಹೋದಾಗ ಅವ್ವ ಅಳಲೂ ಇಲ್ಲ, ಬಯ್ಯಲೂ ಇಲ್ಲ. ಮಾಳಿಗೆಯ ತೂತಿನಿಂದ ಕಾಣುತ್ತಿದ್ದ ಮೋಡವನ್ನು ನೋಡುತ್ತ ಒಂದೇ ಮಾತು ಅಂದಳು. “ನಿಮ್ಮಪ್ಪ ವರ್ಷಾ ಮಾಳಗಿ ಹತ್ತತಿದ್ದ. ನೀ ಸಿಮಿಟ ಹಚ್ಚಿ ನಿಚ್ಚಣಕಿ ಅಟ್ಟಕ್ಕ ಹಾಕಿದಿ.”

ಹದಿನೈದು ವರ್ಷ ಪಾಠ ಹೇಳಿದ ಪದದ ಅರ್ಥ ನನಗೆ ಅಂದು ಆಯಿತು. ಅಜ್ಞಾನವೆಂದರೆ ತಿಳಿಯದಿರುವುದಷ್ಟೇ ಅಲ್ಲ. ಹತ್ತಿ ನೋಡುವುದನ್ನು ಬಿಟ್ಟುಬಿಡುವುದು. ಶರೀಫರಿಗೆ ಆ ತತ್ತ್ವ ದೊರೆತದ್ದು ಹಳ್ಳಿಯ ನಿಜವಾದ ಮಾಳಿಗೆಯ ಮೇಲೆ. ಹುಲ್ಲು, ಇರುವೆ, ಕೊಳೆತ ಮರಗಳ ನಡುವೆ.

ಊರಿನ ವೃದ್ಧ ಕಾಕಾ ಒಬ್ಬರು ಬಂದು ನನ್ನ ತಪ್ಪನ್ನು ಬಿಡಿಸಿ ತೋರಿಸಿದರು. ಮಣ್ಣು ನೆನೆದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಸಿಮೆಂಟು ಅದರೊಡನೆ ಬಾಗಲಾರದೆ ಕೂದಲೆಳೆಯಷ್ಟು ಬಿರಿಯುತ್ತದೆ. ಆ ಬಿರುಕಿನಿಂದ ಇಳಿದ ನೀರು ಮೇಲಿನಿಂದ ಆರಿಹೋಗಲು ಸಿಮೆಂಟೇ ಬಿಡುವುದಿಲ್ಲ. ಎರಡು ವರ್ಷ ನಾನು ಸೋರಿಕೆ ನಿಂತಿತೆಂದು ತಿಳಿದಿದ್ದಾಗ ಜಂತಿಗಳು ಒಳಗೊಳಗೇ ಕೊಳೆಯುತ್ತಿದ್ದವು. ಮಣ್ಣಿನ ಗೋಡೆಗೆ ಸಿಮೆಂಟು ಗಿಲಾವು ಮಾಡುವವರಿಗೂ ಈ ಮಾತು ಸಲ್ಲುತ್ತದೆ. ಮಣ್ಣು ಮತ್ತು ಸುಣ್ಣದ ಲೇಪಗಳು ತೇವವನ್ನು ಹೊರಗೆ ಬಿಡುತ್ತವೆ. ಸಿಮೆಂಟು ಅದನ್ನು ಒಳಗೇ ಕೂಡಿಹಾಕುತ್ತದೆ. ಗೋಡೆಯ ಬುಡದಲ್ಲಿ ಬಿಳಿಯ ಉಪ್ಪು ಹೂವಿನಂತೆ ಅರಳಿ ಗಿಲಾವು ಹಕ್ಕಳಿಕೆಯಾಗಿ ಉದುರುವುದಕ್ಕೆ ನೆಲದಿಂದ ಮೇಲೇರಿದ ತೇವವೇ ಕಾರಣ. ಕಬ್ಬಿಗೆ ಬೇಕಾದುದಕ್ಕಿಂತ ಹೆಚ್ಚು ನೀರು ಹಾಯಿಸಿ ಹೊಲಗಳು ಸವಳು-ಜವಳಾಗುತ್ತಿರುವ ಈ ಸೀಮೆಯಲ್ಲಿ ಇದು ಮನೆಗಳಿಗೂ ಬಂದ ರೋಗ.

ಕಾಂಕ್ರೀಟಿನ ಮನೆಯವರು ಇದು ತಮಗೆ ಸಂಬಂಧಿಸಿದ್ದಲ್ಲವೆಂದು ಪುಟ ತಿರುವಬಾರದು. ತಂದೆಯವರ ನಿಯಮಗಳೇ ಅಲ್ಲಿಯೂ ನಡೆಯುತ್ತವೆ. ಹೊಸ ಸ್ಲ್ಯಾಬನ್ನು ಕನಿಷ್ಠ 7 ದಿನ, ನಮ್ಮ ಬಿಸಿಲಿಗೆ 10 ದಿನ, ನೀರಿನಲ್ಲಿ ನೆನೆಸಿಡಬೇಕು. ಅವಸರದಿಂದ ಒಣಗಿದ ಕಾಂಕ್ರೀಟು ಬಿರಿಯುತ್ತದೆ. ನೂರು ಅಡಿಗೆ ಒಂದಡಿಯಷ್ಟಾದರೂ ಇಳಿಜಾರು ಇರಬೇಕು. ಸ್ಲ್ಯಾಬೂ ಅಂಚುಗೋಡೆಯೂ ಕೂಡುವ ಮೂಲೆಯನ್ನು ಗಾರೆಯಿಂದ ಗುಂಡಾಗಿಸಬೇಕು. ನೀರು ಮೊದಲು ಹುಡುಕುವುದು ಆ ಸಂದಿಯನ್ನೇ. ಕೊನೆಗೆ ಒಂದು ಹಗಲು ಒಂದು ರಾತ್ರಿ ನೀರು ಕಟ್ಟಿ ನಿಲ್ಲಿಸಿ ಕೆಳಗೆ ತೇವ ಕಾಣುವುದೇ ಎಂದು ನೋಡಬೇಕು. ಗೋಡೆಯ ಕಟ್ಟಡ ಆರಂಭವಾಗುವ ಮೊದಲು ಬುನಾದಿಯ ಮೇಲೆ, ನೆಲಮಟ್ಟಕ್ಕಿಂತ ಗೇಣಷ್ಟು ಮೇಲೆ, ತೇವ ತಡೆಯುವ ಕಾಂಕ್ರೀಟಿನ ಪಟ್ಟಿಯನ್ನು ಹಾಕಿಸಿದವನ ಗೋಡೆ ಮುಂದೆ ಉಪ್ಪು ಕಾರುವ ಸಂಭವ ಕಡಿಮೆ.

ಸಂದಿಯ ವಿಷಯದಲ್ಲಿ ಸಂಶಯವಿದ್ದವರು ನಮ್ಮ ಜಿಲ್ಲೆಯದೇ ಆದ ಐಹೊಳೆಗೆ ಹೋಗಿ ಲಾಡಖಾನ ಗುಡಿಯ ಮೇಲ್ಛಾವಣಿಯನ್ನು ನೋಡಬೇಕು. ಇಳಿಜಾರಾಗಿ ಹಾಸಿದ ಕಲ್ಲುಚಪ್ಪಡಿಗಳು. ಎರಡು ಚಪ್ಪಡಿಗಳು ಕೂಡುವಲ್ಲೆಲ್ಲ ಸಂದಿಯನ್ನು ಮುಚ್ಚುವಂತೆ ಉದ್ದನೆಯ ಕಲ್ಲಿನ ಪಟ್ಟಿ. ಚಾಲುಕ್ಯರ ಕಾಲದ ಆ ಶಿಲ್ಪಿಗೆ ದೇವರ ಮೂರ್ತಿಯಷ್ಟೇ ಮಳೆಯ ಹನಿಯ ಮೇಲೆಯೂ ಗಮನವಿತ್ತು.

ನಾವು ಸಿಮೆಂಟನ್ನೆಲ್ಲ ಒಡೆದು ತೆಗೆದೆವು. ಅದರ ಕೆಳಗೆ ನಾನು ತೆಗೆಯದೆ ಬಿಟ್ಟಿದ್ದ ಹಳೆಯ ಮಣ್ಣು ಮೊಳದಷ್ಟು ದಪ್ಪವಾಗಿತ್ತು. ಕೊಳೆತ ಜಂತಿಗಳನ್ನು ಬದಲಿಸಿ, ಮಣ್ಣನ್ನು ಹಗುರ ಮಾಡಿ, ಮತ್ತೆ ಸವಳು ಹರಡಿದೆವು. ಅಂದಿನಿಂದ ಪ್ರತಿವರ್ಷ ರೋಹಿಣಿಯಲ್ಲಿ ಸಾವಳಗಿಗೆ ಹೋಗುತ್ತೇನೆ. ನನ್ನ ಮಗ ನಿಚ್ಚಣಿಕೆಯನ್ನು ಹಿಡಿದು ನಿಲ್ಲುತ್ತಾನೆ. ಕೆಲಸ ಮುಗಿದ ಮೇಲೆ ದೂರದ ಮೂಲೆಯಲ್ಲಿ ಒಂದು ಕೊಡ ನೀರು ಸುರಿಯುತ್ತೇನೆ. ಅವ್ವ ಬೀದಿಗೆ ಬಂದು, ಸೆರಗನ್ನು ಹಣೆಗೆ ಮರೆಮಾಡಿ ದೋಣಿಯ ಕಡೆಗೆ ನೋಡುತ್ತ ನಿಂತಿರುತ್ತಾಳೆ.

“ಬಂತೇನವ್ವಾ?” ಎಂದು ಮೇಲಿನಿಂದ ಕೂಗುತ್ತೇನೆ.

“ತಡಿ,” ಎನ್ನುತ್ತಾಳೆ. ಒಂದು ಕ್ಷಣದ ಮೇಲೆ, “ಹಾಂ, ಬಂತು. ಇಳಿ ಇನ್ನ.”