ಕೇಂದ್ರವೇ ಇಲ್ಲದ ಜಾಲಕ್ಕೆ ಬೀಗ ಹಾಕುವುದು ಹೇಗೆ?

1999ರ ಜೂನ್‌ನಲ್ಲಿ ಶಾನ್ ಫ್ಯಾನಿಂಗ್ ಎಂಬ ಹದಿನೆಂಟರ ಅಮೆರಿಕನ್ ಹುಡುಗ ನ್ಯಾಪ್‌ಸ್ಟರ್ ತಂತ್ರಾಂಶವನ್ನು ಹೊರತಂದ. ಅದರಲ್ಲಿ ಹಾಡುಗಳೆಲ್ಲ ಬಳಕೆದಾರರ ಕಂಪ್ಯೂಟರುಗಳಲ್ಲೇ ಇರುತ್ತಿದ್ದವು. ಯಾರ ಬಳಿ ಯಾವ ಹಾಡಿದೆ ಎಂಬ ಪಟ್ಟಿ ಮಾತ್ರ ಕಂಪನಿಯ ಸರ್ವರ್‌ನಲ್ಲಿತ್ತು. ಅದೇ ಡಿಸೆಂಬರ್‌ನಲ್ಲಿ ಸಂಗೀತ ಕಂಪನಿಗಳು ಮೊಕದ್ದಮೆ ಹೂಡಿದವು. ನಕಲು ಮಾಡುವವರು ಬಳಕೆದಾರರು, ನಾವಲ್ಲ ಎಂದು ನ್ಯಾಪ್‌ಸ್ಟರ್ ವಾದಿಸಿತು. ಆದರೆ ಪಟ್ಟಿ ಕೈಯಲ್ಲಿದ್ದ ಮೇಲೆ ಏನು ನಡೆಯುತ್ತಿದೆ ಎಂಬುದು ಗೊತ್ತಿರುತ್ತದೆ, ತಡೆಯುವ ಶಕ್ತಿಯೂ ಇರುತ್ತದೆ. 2001ರ ಫೆಬ್ರವರಿಯಲ್ಲಿ ಮೇಲ್ಮನವಿ ನ್ಯಾಯಾಲಯ ಇದನ್ನೇ ಎತ್ತಿ ಹಿಡಿಯಿತು. ಜುಲೈನಲ್ಲಿ ಸರ್ವರ್ ನಿಂತಿತು, ಅದರೊಂದಿಗೆ ಇಡೀ ಜಾಲವೂ ನಿಂತಿತು.

ಅದೇ ವರ್ಷ ಬ್ರಾಮ್ ಕೋಹೆನ್ ಬಿಟ್‌ಟೊರೆಂಟ್ ರೂಪಿಸಿದ. ದೊಡ್ಡ ಕಡತಗಳನ್ನು ಒಂದೇ ಸರ್ವರಿನ ಮೇಲೆ ಭಾರ ಹಾಕದೆ ಹಂಚುವುದು ಅವನ ಉದ್ದೇಶ. ಕಡತವನ್ನು ಸಣ್ಣ ತುಂಡುಗಳಾಗಿ ಒಡೆದು, ಪ್ರತಿ ತುಂಡಿಗೂ ಗಣಿತದ ಸೂತ್ರದಿಂದ ಒಂದು ಗುರುತು ಕೊಡುತ್ತಾರೆ. ಇದಕ್ಕೆ ಹ್ಯಾಶ್ ಎಂದು ಹೆಸರು. ಬಂದ ತುಂಡಿನಲ್ಲಿ ಒಂದು ಬಿಟ್ ಬದಲಾಗಿದ್ದರೂ ಹ್ಯಾಶ್ ತಾಳೆಯಾಗುವುದಿಲ್ಲ, ಹಾಗಾಗಿ ಅಪರಿಚಿತರಿಂದ ಪಡೆದ ತುಂಡನ್ನೂ ನಂಬಬಹುದು. ಪಡೆಯುತ್ತಿರುವವನೇ ತನ್ನಲ್ಲಿರುವ ತುಂಡುಗಳನ್ನು ಇತರರಿಗೆ ಕೊಡುತ್ತಾ ಹೋಗುತ್ತಾನೆ. ಅಪರೂಪದ ತುಂಡಿಗೆ ಮೊದಲ ಆದ್ಯತೆ. ಬೇಡಿಕೆ ಹೆಚ್ಚಿದಷ್ಟೂ ಸರಬರಾಜೂ ಹೆಚ್ಚುವ ಈ ವಿನ್ಯಾಸ ನಿಜಕ್ಕೂ ಚೆಲುವಾದದ್ದು. ಲಿನಕ್ಸ್‌ನ ಹಲವು ಆವೃತ್ತಿಗಳು ಇಂದಿಗೂ ಹೀಗೇ ಹಂಚಿಕೆಯಾಗುತ್ತವೆ.

ಆದರೂ ಒಂದು ದುರ್ಬಲ ಜಾಗ ಉಳಿದಿತ್ತು. ಕೊಡುವವರನ್ನೂ ಪಡೆಯುವವರನ್ನೂ ಪರಸ್ಪರ ಪರಿಚಯಿಸಲು ಟ್ರ್ಯಾಕರ್ ಎಂಬ ಸರ್ವರ್ ಬೇಕಿತ್ತು. 2003ರಲ್ಲಿ ಸ್ವೀಡನ್‌ನಲ್ಲಿ ಹುಟ್ಟಿದ ಪೈರೇಟ್ ಬೇ ಅಂಥ ದೊಡ್ಡ ಟ್ರ್ಯಾಕರ್ ನಡೆಸುತ್ತಿತ್ತು. 2006ರ ಮೇ 31ರಂದು ಪೊಲೀಸರು ಅದರ ಸರ್ವರ್‌ಗಳನ್ನು ಹೊತ್ತೊಯ್ದರು. ಮೂರೇ ದಿನಗಳಲ್ಲಿ ತಾಣ ಮರಳಿತು. 2009ರ ಏಪ್ರಿಲ್‌ನಲ್ಲಿ ತಾಣಕ್ಕೆ ಸಂಬಂಧಿಸಿದ ನಾಲ್ವರಿಗೆ ತಲಾ ಒಂದು ವರ್ಷ ಜೈಲು, ಒಟ್ಟು ಮೂರು ಕೋಟಿ ಕ್ರೋನಾ ಪರಿಹಾರದ ತೀರ್ಪು ಬಂತು. ಮೇಲ್ಮನವಿಯಲ್ಲಿ ಶಿಕ್ಷೆ ಇಳಿಯಿತು, ಪರಿಹಾರ ಏರಿತು.

2009ರ ಕೊನೆಗೆ ತಾಣ ತನ್ನ ಟ್ರ್ಯಾಕರನ್ನೇ ಕೈಬಿಟ್ಟಿತು. ಅಷ್ಟರಲ್ಲಿ ಡಿಎಚ್‌ಟಿ ಎಂಬ ವ್ಯವಸ್ಥೆ ಬಂದಾಗಿತ್ತು. ಅದರಲ್ಲಿ ಪ್ರತಿ ಕಂಪ್ಯೂಟರಿಗೂ 160 ಬಿಟ್‌ಗಳ ಸಂಖ್ಯೆ, ಪ್ರತಿ ಕಡತಕ್ಕೂ ಅಷ್ಟೇ ಉದ್ದದ ಸಂಖ್ಯೆ ಇರುತ್ತದೆ. ಕಡತದ ಸಂಖ್ಯೆಗೆ ಯಾವ ಕಂಪ್ಯೂಟರುಗಳ ಸಂಖ್ಯೆ ಹತ್ತಿರವೋ ಅವು ಆ ಕಡತ ಯಾರ ಬಳಿ ಇದೆ ಎಂಬುದನ್ನು ನೆನಪಿಟ್ಟುಕೊಳ್ಳುತ್ತವೆ. ಹಳ್ಳಿಗೆ ಬಂದ ಹೊಸಬ ಒಬ್ಬೊಬ್ಬರನ್ನು ಕೇಳುತ್ತಾ ಮನೆ ಹುಡುಕುವಂತೆ ಪ್ರಶ್ನೆ ಮುಂದಕ್ಕೆ ಸಾಗುತ್ತದೆ. ಪ್ರತಿ ಹೆಜ್ಜೆಗೂ ದೂರ ಅರ್ಧಕ್ಕಿಳಿಯುವುದರಿಂದ ಹತ್ತು ಲಕ್ಷ ಯಂತ್ರಗಳ ನಡುವೆಯೂ ಸುಮಾರು ಇಪ್ಪತ್ತು ಹೆಜ್ಜೆ ಸಾಕು. ಪೊಲೀಸರು ಹೊತ್ತೊಯ್ಯಬಲ್ಲ ಪೆಟ್ಟಿಗೆ ಇಲ್ಲಿ ಎಲ್ಲೂ ಇಲ್ಲ. 2012ರಲ್ಲಿ ತಾಣ, ಕಡತದ ಆ ಸಂಖ್ಯೆಯನ್ನೇ ಹೊತ್ತ ಮ್ಯಾಗ್ನೆಟ್ ಕೊಂಡಿಗಳಿಗೆ ಹೊರಳಿದಾಗ, ಹದಿನಾರು ಲಕ್ಷ ಟೊರೆಂಟ್‌ಗಳ ಪಟ್ಟಿಯನ್ನು ಒಬ್ಬ ಬಳಕೆದಾರ ಸುಮಾರು 90 ಎಂಬಿಗೆ ಕುಗ್ಗಿಸಿ ಹಂಚಿದ್ದ. (ಇಲ್ಲಿ ಯಾರೂ ಅದೃಶ್ಯರಲ್ಲ ಎಂಬುದನ್ನೂ ಹೇಳಬೇಕು. ಗುಂಪಿಗೆ ಸೇರಿದ ಯಾರಿಗಾದರೂ ಉಳಿದವರ ಐಪಿ ವಿಳಾಸ ಕಾಣುತ್ತದೆ.)

ಮೂಲವನ್ನು ಮುಚ್ಚಲಾಗದ ಕಾನೂನು ಈಗ ದಾರಿಯನ್ನು ಮುಚ್ಚಲು ಹೊರಟಿದೆ. 2019ರ ಏಪ್ರಿಲ್‌ನಲ್ಲಿ ದೆಹಲಿ ಹೈಕೋರ್ಟ್, ನಿರ್ಬಂಧಿಸಿದ ತಾಣ ಬೇರೆ ಹೆಸರಿನಲ್ಲಿ ತಲೆಯೆತ್ತಿದರೆ ಹೊಸ ಮೊಕದ್ದಮೆ ಹೂಡದೆಯೇ ಅದನ್ನೂ ಪಟ್ಟಿಗೆ ಸೇರಿಸಲು ದಾರಿ ಮಾಡಿಕೊಟ್ಟಿತು. ಚಿತ್ರ ಬಿಡುಗಡೆಯಾದ ದಿನವೇ ನಕಲು ಹರಿದಾಡಿದರೆ ನಿರ್ಮಾಪಕನಿಗೆ ಆಗುವ ನಷ್ಟ ದೊಡ್ಡದು, ಅವನ ದೂರು ನ್ಯಾಯವಾದದ್ದೇ.

ತೊಡಕಿರುವುದು ಉಪಕರಣದಲ್ಲಿ. ಇಂಟರ್‌ನೆಟ್ ಸೇವಾ ಕಂಪನಿಗಳು ತಾಣದ ಹೆಸರಿಗೆ ವಿಳಾಸ ಹೇಳುವ ಡಿಎನ್‌ಎಸ್‌ನಲ್ಲಿ ಸುಳ್ಳು ಉತ್ತರ ಕೊಡುತ್ತವೆ, ಇಲ್ಲವೇ ಸಂಪರ್ಕದ ಆರಂಭದಲ್ಲೇ ಬಯಲಾಗುವ ತಾಣದ ಹೆಸರನ್ನು ನೋಡಿ ಕೊಂಡಿ ಕತ್ತರಿಸುತ್ತವೆ. ಗೂಢಲಿಪಿಯಲ್ಲಿ ಸಾಗುವ ಎಚ್‌ಟಿಟಿಪಿಎಸ್ ಸಂಪರ್ಕದಲ್ಲಿ ಯಾವ ಪುಟ ತೆರೆದಿರಿ ಎಂಬುದು ಅವುಗಳಿಗೆ ಕಾಣುವುದಿಲ್ಲ. ಹಾಗಾಗಿ ತಪ್ಪಿರುವ ಒಂದು ಪುಟವನ್ನಷ್ಟೇ ತಡೆಯಲಾಗದು, ಇಡೀ ತಾಣವನ್ನೇ ಮುಚ್ಚಬೇಕಾಗುತ್ತದೆ.

2017ರ ಆಗಸ್ಟ್‌ನಲ್ಲಿ ಆದದ್ದು ನೋಡಿ. ಹಿಂದಿ ಚಿತ್ರಗಳ ನಿರ್ಮಾಪಕರ ಮನವಿಯ ಮೇರೆಗೆ ಮದ್ರಾಸ್ ಹೈಕೋರ್ಟ್ ಎರಡೂವರೆ ಸಾವಿರಕ್ಕೂ ಹೆಚ್ಚು ತಾಣಗಳನ್ನು ತಡೆಯಲು ಆದೇಶಿಸಿತು. ಆ ಪಟ್ಟಿಯಲ್ಲಿ ಇಂಟರ್‌ನೆಟ್ ಆರ್ಕೈವ್ ಕೂಡ ಇತ್ತು. 1996ರಿಂದ ಜಾಲಪುಟಗಳನ್ನು ಕಾಪಿಡುತ್ತಿರುವ ಆ ಲಾಭರಹಿತ ಗ್ರಂಥಾಲಯ ಭಾರತದ ಓದುಗರಿಗೆ ತೆರೆಯದಾಯಿತು. ತನಗೆ ಮುಂಚಿತವಾಗಿ ಯಾವ ದೂರೂ ಬಂದಿರಲಿಲ್ಲ ಎಂದು ಸಂಸ್ಥೆ ಹೇಳಿತು. ಅಂಗಡಿಯಲ್ಲಿ ಸಿಗದ ಎಷ್ಟೋ ಹಳೆಯ ಕನ್ನಡ ಪುಸ್ತಕಗಳು ಸ್ಕ್ಯಾನ್ ಪ್ರತಿಗಳಾಗಿ ಅಲ್ಲಿವೆ. ಸಂಶೋಧನೆ ಮಾಡುವ ವಿದ್ಯಾರ್ಥಿಗಳಿಗೆ ಅದರ ಬೆಲೆ ಗೊತ್ತು.

ತಡೆಪಟ್ಟಿಗೆ ಸೇರಿಸುವ ಮೊದಲು ವಿಳಾಸ ಗೊತ್ತಿರುವ ತಾಣಗಳಿಗಾದರೂ ನೋಟಿಸ್ ಹೋಗಬೇಕು. ಪಟ್ಟಿ ಸಾರ್ವಜನಿಕರ ಕಣ್ಣಿಗೆ ಬೀಳುವಂತಿರಬೇಕು. ಪ್ರತಿ ಹೆಸರನ್ನೂ ಯಾರಾದರೂ ತೆರೆದು ನೋಡಿ ಖಚಿತಪಡಿಸಿಕೊಳ್ಳಬೇಕು. ನಮ್ಮ ನ್ಯಾಯಾಲಯಗಳು ಇಷ್ಟನ್ನು ಕಡ್ಡಾಯ ಮಾಡಲಿ.