ಇಂಗ್ಲಿಷ್ ಕ್ರಿಯಾಪದದ ಕಾಲಗಳೂ ಚರಿತ್ರೆಯ ಬರವಣಿಗೆಯೂ

ಚರಿತ್ರೆಯ ಅಧ್ಯಾಪಕರು ವ್ಯಾಕರಣಕ್ಕೆ ಕೈಹಾಕುವುದು ಅಧಿಕಪ್ರಸಂಗವೆಂದು ಕೆಲವರಿಗೆ ತೋರಬಹುದು. ಆದರೆ ಇಂಗ್ಲಿಷಿನಲ್ಲಿ ಬರೆದ ಉತ್ತರಪತ್ರಿಕೆಗಳನ್ನು ವರ್ಷವರ್ಷವೂ ತಿದ್ದುತ್ತ ಬಂದಿರುವ ನಮಗೆ ಒಂದು ಸಂಗತಿ ಮನದಟ್ಟಾಗಿದೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ವಿದ್ಯಾರ್ಥಿಯು ಎಡವುವುದು ಅನೇಕ ವೇಳೆ ಇಸವಿಗಳಲ್ಲಿ ಅಲ್ಲ, ಇಸವಿಯ ಪಕ್ಕದಲ್ಲಿ ನಿಲ್ಲಬೇಕಾದ ಕ್ರಿಯಾಪದದಲ್ಲಿ. ಆ ತಪ್ಪು ಕೇವಲ ಭಾಷೆಯ ತಪ್ಪಾಗಿ ಉಳಿಯದೆ ಚರಿತ್ರೆಯ ತಪ್ಪೂ ಆಗಿಬಿಡುವುದುಂಟು. ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಹೊರಟಿರುವುದು ಇಷ್ಟನ್ನೇ.

ಸಕಲೇಶಪುರ ತಾಲ್ಲೂಕಿನ ಆನೇಮಹಲ್‌ಗೆ ಸಮೀಪದ ಗುಡ್ಡವೊಂದರ ಮೇಲೆ ಮಂಜರಾಬಾದಿನ ನಕ್ಷತ್ರಾಕಾರದ ಕೋಟೆಯಿದೆ. ಟಿಪ್ಪು ಸುಲ್ತಾನನು ಅದನ್ನು ಕಟ್ಟಿಸಿದ ವರ್ಷವೆಂದು 1792ನ್ನು ಹೇಳುವುದು ವಾಡಿಕೆ. ಆ ಕಡೆಯಿಂದ ಬಂದ ವಿದ್ಯಾರ್ಥಿಗಳಿಗೆ ಈ ಕೋಟೆಯನ್ನು ಕುರಿತು ಒಂದು ವಾಕ್ಯ ಬರೆಯಿರೆಂದರೆ ಮೂರು ಬಗೆಯ ವಾಕ್ಯಗಳು ನಮ್ಮ ಕೈಸೇರುತ್ತವೆ. 'ಟಿಪ್ಪು ಬಿಲ್ಟ್ ದಿಸ್ ಫೋರ್ಟ್ ಇನ್ 1792' ಎಂಬುದು ಒಂದು. 'ಟಿಪ್ಪು ಹ್ಯಾಸ್ ಬಿಲ್ಟ್' ಎಂಬುದು ಇನ್ನೊಂದು. 'ಟಿಪ್ಪು ಹ್ಯಾಡ್ ಬಿಲ್ಟ್' ಎಂಬುದು ಮತ್ತೊಂದು. ಇವುಗಳಲ್ಲಿ ಮೊದಲನೆಯದು ಮಾತ್ರ ಸಾಧು. ಉಳಿದೆರಡನ್ನು ಬರೆದವರು ಮಂದಮತಿಗಳೆಂದು ತಿಳಿಯಬಾರದು. ಅವರು ಕನ್ನಡಕ್ಕೆ ನಿಷ್ಠರಾಗಿದ್ದಾರೆ, ಅಷ್ಟೆ. ನಮ್ಮಲ್ಲಿ '1792ರಲ್ಲಿ ಕಟ್ಟಿಸಿದನು', '1792ರಲ್ಲಿ ಕಟ್ಟಿಸಿದ್ದಾನೆ', '1792ರಲ್ಲಿ ಕಟ್ಟಿಸಿದ್ದನು' ಈ ಮೂರೂ ಸಲ್ಲುತ್ತವೆ. 'ಕಟ್ಟಿಸಿದ್ದಾನೆ' ಎಂದಾಗ ಕೋಟೆ ಇಂದಿಗೂ ಕಣ್ಣೆದುರಿಗೆ ಸಾಕ್ಷಿಯಾಗಿ ನಿಂತಿದೆಯೆಂಬ ಭಾವವೂ, 'ಕಟ್ಟಿಸಿದ್ದನು' ಎಂದಾಗ ಅದು ಬಹುಕಾಲದ ಹಿಂದಿನ ಮಾತೆಂಬ ಭಾವವೂ ಹೊಳೆಯುತ್ತವೆ. ಶಾಸನಗಳನ್ನು ವಿವರಿಸುವಾಗ ನಾವೇ 'ದತ್ತಿ ಬಿಟ್ಟಿದ್ದಾನೆ' ಎಂದು ಬರೆಯುವುದಿಲ್ಲವೆ?

ಇಂಗ್ಲಿಷು ಇದಕ್ಕೆ ಏಕೆ ಒಪ್ಪದು? ತರ್ಕಶಾಸ್ತ್ರಜ್ಞ ಹಾನ್ಸ್ ರೈಶೆನ್‌ಬಾಕ್ 1947ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಕೊಟ್ಟಿರುವ ವಿವರಣೆ ನಮಗೆ ಬಹಳ ಉಪಯುಕ್ತವಾಗಿ ಕಂಡಿದೆ. ಕ್ರಿಯಾಪದದ ಕಾಲವನ್ನು ಗೊತ್ತುಮಾಡಲು ಎರಡಲ್ಲ, ಮೂರು ಬಿಂದುಗಳು ಬೇಕು: ಮಾತನಾಡುವ ಸಮಯ, ಘಟನೆಯ ಸಮಯ, ಮತ್ತು ನಾವು ಎಲ್ಲಿ ನಿಂತು ಆ ಘಟನೆಯನ್ನು ನೋಡುತ್ತೇವೆಯೋ ಆ ನೋಟದ ಸಮಯ. 'ಬಿಲ್ಟ್' ಎಂದಾಗ ನೋಟವು ಘಟನೆಯ ಬಳಿಯೇ ಇದೆ. 'ಹ್ಯಾಸ್ ಬಿಲ್ಟ್' ಎಂದಾಗ ನೋಟವು ಈ ಕ್ಷಣದಲ್ಲಿ ನೆಲೆಸಿದೆ. ಆದುದರಿಂದಲೇ 1792 ಎಂಬ ಇಸವಿಯೊಡನೆ ಅದಕ್ಕೆ ಹೊಂದಿಕೆಯಿಲ್ಲ. 'ಹ್ಯಾಡ್ ಬಿಲ್ಟ್' ಎಂದಾಗ ನೋಟವು ಘಟನೆಗಿಂತ ಈಚಿನ, ಆದರೆ ಇಂದಿಗಿಂತ ಹಿಂದಿನ, ಇನ್ನೊಂದು ಸಮಯದಲ್ಲಿರಬೇಕು. ಆ ಇನ್ನೊಂದು ಸಮಯ ಯಾವುದೆಂದು ವಾಕ್ಯವಾಗಲಿ ಸಂದರ್ಭವಾಗಲಿ ತಿಳಿಸದಿದ್ದರೆ ಓದುಗನು ಅದಕ್ಕಾಗಿ ಕಾಯುತ್ತಲೇ ಇರುತ್ತಾನೆ. ಘಟನೆ ಎಷ್ಟೇ ಪ್ರಾಚೀನವಾಗಿದ್ದರೂ ಅಷ್ಟರಿಂದಲೇ 'ಹ್ಯಾಡ್' ಬರಲಾರದು.

ಕನ್ನಡದ ವೈಯಾಕರಣರು ಕಾಲದ ವಿಷಯದಲ್ಲಿ ಉದಾಸೀನರಾಗಿದ್ದರೆಂದು ಇದರಿಂದ ಭಾವಿಸಲಾಗದು. ಹದಿಮೂರನೆಯ ಶತಮಾನದ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ಮೂರು ಕಾಲಗಳನ್ನೂ ಅವುಗಳ ಪ್ರತ್ಯಯಗಳನ್ನೂ ನಿರೂಪಿಸಿದ್ದಾನೆ. ನಮ್ಮ ಶಾಲಾವ್ಯಾಕರಣಗಳಲ್ಲಿ 'ಕಾಲಪಲ್ಲಟ'ವೆಂಬ ಪ್ರಕರಣವೇ ಉಂಟು. 'ನಾಳೆ ಹೋಗುತ್ತೇನೆ' ಎಂದು ಭವಿಷ್ಯತ್ತಿನ ಕಾರ್ಯವನ್ನು ವರ್ತಮಾನದಲ್ಲಿ ಹೇಳುತ್ತೇವೆ. ಅಡುಗೆಮನೆಯಿಂದ ಕರೆದರೆ ಕುಳಿತಲ್ಲಿಂದ ಏಳದೆಯೇ 'ಇಗೋ ಬಂದೆ' ಎನ್ನುತ್ತೇವೆ. ಅದು ರೂಪದಲ್ಲಿ ಭೂತಕಾಲ! ಇನ್ನು 'ಬಂದು, ನೋಡಿ, ಹೋದನು' ಎಂಬಲ್ಲಿ ಹಿಂದುಮುಂದುಗಳ ಕ್ರಮವನ್ನೆಲ್ಲ ಕೃದಂತಾವ್ಯಯಗಳೇ ಹೊರುತ್ತವೆ, ಕಾಲವನ್ನು ಹೇಳುವ ಹೊರೆ ಕೊನೆಯ ಕ್ರಿಯಾಪದ ಒಂದರದೇ. ಇಂಥ ಅನುಕೂಲಕ್ಕೆ ಒಗ್ಗಿದವನು ಇಂಗ್ಲಿಷಿನಲ್ಲಿ ಪ್ರತಿಯೊಂದು ಕ್ರಿಯೆಗೂ ಕಾಲವನ್ನು ನಿರ್ಣಯಿಸಬೇಕಾಗಿ ಬಂದಾಗ ತಬ್ಬಿಬ್ಬಾಗುವುದು ಸಹಜವೇ ಸರಿ.

ಇದಕ್ಕೆ ಪರಿಹಾರವೆಂದು ಶಾಲೆಗಳಲ್ಲಿ ಒದಗಿಸುವುದು ಹನ್ನೆರಡು ಮನೆಗಳ ಒಂದು ಪಟ್ಟಿ: ಮೂರು ಕಾಲಗಳು, ಒಂದೊಂದಕ್ಕೂ ನಾಲ್ಕು ರೂಪಗಳು. ವಾಸ್ತವವಾಗಿ ಇಂಗ್ಲಿಷ್ ಕ್ರಿಯಾಪದವು ಸ್ವತಃ ರೂಪ ಬದಲಿಸಿ ತೋರಿಸುವ ಕಾಲಗಳು 'ರೈಟ್', 'ರೋಟ್' ಎಂಬಂತೆ ಎರಡೇ. ಉಳಿದುದೆಲ್ಲ ಸಹಾಯಕ ಕ್ರಿಯಾಪದಗಳ ಕೆಲಸ. ಪಟ್ಟಿಯನ್ನು ಬಾಯಿಪಾಠ ಮಾಡಿಸಿದ ಮೇಲೆ ಬಿಟ್ಟ ಸ್ಥಳಗಳನ್ನು ತುಂಬಿಸುವ ಅಭ್ಯಾಸ. ಅಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ವಾಕ್ಯಗಳಿರುತ್ತವೆ. 'ಯೆಸ್ಟರ್‌ಡೇ' ಕಂಡರೆ ಒಂದು ರೂಪ, 'ಸಿನ್ಸ್' ಕಂಡರೆ ಇನ್ನೊಂದು ರೂಪ ಎಂದು ವಿದ್ಯಾರ್ಥಿಯು ಗುರುತು ಹಿಡಿದು ತುಂಬುತ್ತಾನೆ, ಪೂರ್ಣ ಅಂಕಗಳನ್ನೂ ಪಡೆಯುತ್ತಾನೆ. ಆದರೆ ಪ್ರಬಂಧ ಬರೆಯುವಾಗ ಅಂಥ ಕೈಮರಗಳನ್ನು ಯಾರೂ ನೆಟ್ಟಿರುವುದಿಲ್ಲ. ಪುನರುಚ್ಚಾರದ ಅಭ್ಯಾಸವನ್ನು ನಾವು ಹಳಿಯುತ್ತಿಲ್ಲ. 'ರಿಟನ್' ಎಂಬ ರೂಪ ನಾಲಗೆಗೆ ಹತ್ತಲು ಅದು ಬೇಕೇಬೇಕು. ಯಾವ ರೂಪವನ್ನು ಯಾವಾಗ ಆರಿಸಬೇಕೆಂಬುದನ್ನು ಮಾತ್ರ ಅದು ಕಲಿಸಲಾರದು.

ಆದಕಾರಣ ನಾವು ನಮ್ಮ ತರಗತಿಯಲ್ಲಿ ಒಂದು ಸಣ್ಣ ಕಾಲಾನುಕ್ರಮಣಿಕೆಯನ್ನು ಹಲಗೆಯ ಮೇಲೆ ಬರೆಯುವೆವು: 1790ರಲ್ಲಿ ಮೂರನೆಯ ಮೈಸೂರು ಯುದ್ಧದ ಆರಂಭ, 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನಿಂದ ಬೆಂಗಳೂರಿನ ವಶ, 1792ರ ಮಾರ್ಚಿಯಲ್ಲಿ ಶ್ರೀರಂಗಪಟ್ಟಣದ ಒಪ್ಪಂದ, 1799ರ ಮೇ 4ರಂದು ಶ್ರೀರಂಗಪಟ್ಟಣದ ಪತನ. ಬಳಿಕ ಒಪ್ಪಂದದ ದಿನದಲ್ಲಿ ನಿಂತು ಬರೆಯಿರೆಂದು ಹೇಳುವೆವು. ಒಪ್ಪಂದಕ್ಕೆ ಒಪ್ಪುವ ಹೊತ್ತಿಗೆ ಟಿಪ್ಪು ಬೆಂಗಳೂರನ್ನು ಕಳೆದುಕೊಂಡಿದ್ದನು: ಇಲ್ಲಿ 'ಹ್ಯಾಡ್ ಲಾಸ್ಟ್'. ಒಪ್ಪಂದಕ್ಕೆ ಒಪ್ಪಿ ರಾಜ್ಯದ ಅರ್ಧವನ್ನು ಕಳೆದುಕೊಂಡನು: ಇಲ್ಲಿ 'ಲಾಸ್ಟ್'. (ಬೆಂಗಳೂರು ಅದೇ ಒಪ್ಪಂದದಿಂದ ಅವನಿಗೆ ಮರಳಿ ಬಂದುದು ಬೇರೆಯ ಮಾತು.) ಎರಡನ್ನು ಅದಲುಬದಲು ಮಾಡಿದರೆ ಯುದ್ಧದಲ್ಲಿ ಹೋದುದು ಯಾವುದು, ಸಂಧಿಯಲ್ಲಿ ಕೊಟ್ಟುದು ಯಾವುದು ಎಂಬ ವಿವೇಕವೇ ಅಳಿಸಿಹೋಗುತ್ತದೆ. ಆಮೇಲೆ ಇಂದಿನ ದಿನದಲ್ಲಿ ನಿಂತು ಮಂಜರಾಬಾದಿನ ಕೋಟೆಯತ್ತ ನೋಡಿರೆಂದರೆ 'ಹ್ಯಾಸ್ ಸ್ಟುಡ್' ಎಂಬ ರೂಪಕ್ಕೆ ತನ್ನಷ್ಟಕ್ಕೆ ಸ್ಥಳ ದೊರೆಯುತ್ತದೆ. '1792ರಿಂದ ನಿಂತಿದೆ' ಎಂಬ ಕನ್ನಡವೂ ಅಲ್ಲಿ ಇಂಗ್ಲಿಷಿನೊಡನೆ ಹೆಜ್ಜೆಯಿಡುತ್ತದೆ. ಇಲ್ಲಿ ಎಚ್ಚರ ಬೇಕಾದುದು 'ಈಸ್ ಸ್ಟ್ಯಾಂಡಿಂಗ್ ಸಿನ್ಸ್' ಎಂದು ಬರೆಯದಿರುವುದರಲ್ಲಿ.

ಇದೇ ಜಿಲ್ಲೆಯ ಇನ್ನೊಂದು ನಿದರ್ಶನವನ್ನು ಕೊಡುವೆವು. ಬಿ. ಎಲ್. ರೈಸ್ ಅವರು ಎಪಿಗ್ರಾಫಿಯ ಕರ್ನಾಟಿಕದ ಹಾಸನ ಜಿಲ್ಲೆಯ ಸಂಪುಟವನ್ನು 1902ರಲ್ಲಿ ಪ್ರಕಟಿಸಿದರು. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವು ಡಾ. ಎಂ. ಎಚ್. ಕೃಷ್ಣ ಅವರಿಂದ ಬೆಳಕಿಗೆ ಬಂದುದು 1936ರಲ್ಲಿ. ವಿದ್ಯಾರ್ಥಿಯೊಬ್ಬನು 'ರೈಸ್ ಡಿಡ್ ನಾಟ್ ಮೆನ್ಷನ್ ದಿ ಹಲ್ಮಿಡಿ ಇನ್‌ಸ್ಕ್ರಿಪ್ಷನ್' ಎಂದು ಬರೆದಿದ್ದನು. ವ್ಯಾಕರಣದಲ್ಲಿ ದೋಷವಿಲ್ಲ, ಸಂಗತಿಯೂ ಸುಳ್ಳಲ್ಲ. ಆದರೂ ಕೈಗೆ ಸಿಕ್ಕಿದುದನ್ನು ರೈಸರು ಕಡೆಗಣಿಸಿದರೆಂಬ ಅಪವಾದ ಅದರಲ್ಲಿ ನುಸುಳಿದೆ. 1902ರಲ್ಲಿ ನಿಂತು ನೋಡೆಂದು ನಾವು ಅಂಚಿನಲ್ಲಿ ಬರೆದು ಹಿಂದಿರುಗಿಸಿದೆವು. ಮರುದಿನ ಅವನು ತಿದ್ದಿ ತಂದ ವಾಕ್ಯದಲ್ಲಿ ರೈಸರ ಸಂಪುಟಕ್ಕೆ 'ಪಬ್ಲಿಷ್ಡ್' ಎಂದಿತ್ತು. ಶಾಸನಕ್ಕೆ 'ಹ್ಯಾಡ್ ನಾಟ್ ಯೆಟ್ ಬೀನ್ ಡಿಸ್ಕವರ್ಡ್' ಎಂದಿತ್ತು.